ಸೀಟು ಬದಲಿಸುವ ಮುಂಚೆ ಹಳದಿ ಕಪ್ಲರ್ ನೋಡಿ

ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಶನಿವಾರ ಬೆಳಿಗ್ಗೆ ಹೋದರೆ ಕಾರುಗಳ ಮುಂದಿನ ಸೀಟುಗಳು ಫುಟ್‌ಪಾತಿಗೆ ಇಳಿದು ಕೂತಿರುವುದು ಕಾಣುತ್ತದೆ. ಸೀಟಿಲ್ಲದ ಕಾರಿನೊಳಗೆ ಇಗ್ನಿಷನ್ ಆನ್ ಮಾಡಿ ಹಾಡು ಹಾಕಿರುತ್ತಾರೆ, ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ಲೈಟು ಉರಿಯುತ್ತಿರುತ್ತದೆ. ಸಂಜೆ ಕಾರು ಕೈಗೆ ಕೊಡುವಾಗ "ಏನಿಲ್ಲ ಸಾರ್, ಎರಡು ದಿನ ಓಡಿಸಿ, ತಾನೇ ಹೋಗುತ್ತೆ" ಅನ್ನುವ ಸಮಾಧಾನ. ಕೆಲವು ಕಾರುಗಳಲ್ಲಿ ನಿಜವಾಗಿಯೂ ಹೋಗುತ್ತದೆ. ಈ ಬರಹ ಹೋಗದ ಕಾರುಗಳ ಬಗ್ಗೆ, ಮತ್ತು ಲೈಟು ಹೋದರೂ ಒಳಗೆ ಸರಿಯಿಲ್ಲದ ಕಾರುಗಳ ಬಗ್ಗೆ.

ಮೊದಲು ನಿಮ್ಮ ಕಾರಿಗೆ ಈ ತಲೆನೋವು ಇದೆಯೋ ಇಲ್ಲವೋ ನೋಡಿಕೊಳ್ಳಿ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು, ಪಕ್ಕದ ಸೀಟಿನವರದು 2021ರಲ್ಲಿ ಹಂತ ಹಂತವಾಗಿ ಬಂತು. ಇವೆರಡೂ ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡಿನಲ್ಲಿ ಇರುವುದರಿಂದ ಸೀಟು ಬಿಚ್ಚಿದರೆ ಅವಕ್ಕೆ ಏನೂ ಆಗುವುದಿಲ್ಲ. ಆರು ಏರ್‌ಬ್ಯಾಗಿನ ಕಾರಿನ ಕಥೆ ಬೇರೆ. ಅಲ್ಲಿ ಎರಡು ಮುಂದೆ, ಎರಡು ಚಾವಣಿಯ ಅಂಚಿನಲ್ಲಿ, ಉಳಿದ ಎರಡು ಮುಂದಿನ ಸೀಟುಗಳ ಬೆನ್ನಿನಲ್ಲಿ, ಬಾಗಿಲಿನ ಕಡೆಯ ಉಬ್ಬಿನೊಳಗೆ ಮಡಚಿ ಕೂತಿರುತ್ತವೆ. ಆ ಉಬ್ಬಿನ ಹೊಲಿಗೆಯ ಹತ್ತಿರ ಏರ್‌ಬ್ಯಾಗ್ ಅಂತ ಬರೆದ ಪುಟ್ಟ ಪಟ್ಟಿ ಇದ್ದರೆ ಮುಂದೆ ಓದಿ. ಇಲ್ಲದಿದ್ದರೂ ಸೀಟಿನ ಅಡಿ ಒಮ್ಮೆ ಟಾರ್ಚ್ ಬಿಡಿ. ಕೆಲವು ಕಾರುಗಳಲ್ಲಿ ಬೆಲ್ಟ್ ಬಕಲ್ಲಿಗೇ ಪ್ರಿಟೆನ್ಷನರ್ ಜೋಡಿಸಿರುತ್ತಾರೆ. ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿಯಾಗಿ ಎಳೆಯುವ ಸಾಧನ ಅದು. ಏರ್‌ಬ್ಯಾಗಿನ ಹಾಗೆ ಅದರೊಳಗೂ ಸಿಡಿಮದ್ದೇ ಇರುವುದು.

ಅಡಿಯಲ್ಲಿ ಕಾಣುವ ಕಪ್ಲರುಗಳಲ್ಲಿ, ಅಂದರೆ ವೈರು ಜೋಡಿಸುವ ಪ್ಲಗ್ಗುಗಳಲ್ಲಿ, ಹಳದಿಯದು, ಅಥವಾ ಹಳದಿ ಕೊಳವೆ ಹಾಕಿದ ವೈರು ಬಂದು ಸೇರುವುದು, ಏರ್‌ಬ್ಯಾಗಿಗೆ ಸೇರಿದ್ದು. ಉಳಿದವು ಬಕಲ್ ಸ್ವಿಚ್, ಪಕ್ಕದ ಸೀಟಿನಲ್ಲಿ ಯಾರಾದರೂ ಕೂತಿದ್ದಾರಾ ಎಂದು ನೋಡುವ ಮ್ಯಾಟ್, ಮೋಟರ್, ಗಾಳಿ ಊದುವ ಫ್ಯಾನ್, ಹೀಗೆ. ಯೂರೋಪಿನ ಕೆಲವು ಕಂಪನಿಗಳ ಕಾರಿನಲ್ಲಿ ಎಲ್ಲವೂ ಒಂದೇ ದೊಡ್ಡ ಪ್ಲಗ್ಗಿನಲ್ಲಿ ಬಂದು ಸೇರುತ್ತವೆ. ಅಲ್ಲಿ ಬಣ್ಣ ನಂಬಬೇಡಿ, ಇಡೀ ಪ್ಲಗ್ಗನ್ನೇ ಏರ್‌ಬ್ಯಾಗ್ ಅಂತ ತಿಳಿದು ಮುಟ್ಟಿ.

ಎರಡು ಓಮಿನ ಲೆಕ್ಕ

ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರಿನ ತಲೆಯಲ್ಲಿ ಸ್ಕ್ವಿಬ್ ಎಂಬ ಪುಟ್ಟ ಸಾಧನ ಇದೆ. ಪಟಾಕಿಗೆ ಬತ್ತಿ ಇದ್ದ ಹಾಗೆ. ಕೂದಲಿನಷ್ಟು ಸಣ್ಣ ತಂತಿ, ಅದಕ್ಕೆ ತಾಗಿದಂತೆ ಚೂರು ಮದ್ದು. ತಂತಿಯ ರೆಸಿಸ್ಟೆನ್ಸ್ ಸುಮಾರು 2 ಓಮ್. ಸಾಮಾನ್ಯವಾಗಿ ಬಳಸುವ ಸ್ಕ್ವಿಬ್ 0.4 ಆಂಪಿಯರ್ ತನಕ ಹೊತ್ತಿಕೊಳ್ಳಬಾರದು, 1.2 ಆಂಪಿಯರ್ 2 ಮಿಲಿಸೆಕೆಂಡ್ ಹರಿದರೆ ಹೊತ್ತಿಕೊಳ್ಳಲೇಬೇಕು.

ಈಗ ಆಟೋ ಎಲೆಕ್ಟ್ರಿಷಿಯನ್ ಕೈಯಲ್ಲಿರುವ ಟೆಸ್ಟ್ ಲ್ಯಾಂಪ್ ನೆನಪಿಸಿಕೊಳ್ಳಿ. ಇಂಡಿಕೇಟರಿನ 21 ವಾಟ್ ಬಲ್ಬಿಗೆ ಎರಡು ವೈರು ಬೆಸೆದು ಮಾಡಿಕೊಂಡದ್ದು. 12 ವೋಲ್ಟಿಗೆ ಅದು ಎಳೆಯುವ ಕರೆಂಟ್ 1.75 ಆಂಪಿಯರ್. 5 ವಾಟ್ ಬಲ್ಬಾದರೆ 0.4ರ ಸುತ್ತಮುತ್ತ, ಆದರೆ ತಣ್ಣಗಿರುವ ಫಿಲಮೆಂಟ್ ಮೊದಲ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. "ಈ ವೈರಲ್ಲಿ ಸಪ್ಲೈ ಬರ್ತಾ ಇದೆಯಾ ನೋಡೋಣ" ಅಂತ ಹಳದಿ ಕಪ್ಲರಿನ ಸೀಟಿನ ಕಡೆಗೆ ಲ್ಯಾಂಪ್ ಇಟ್ಟರೆ ಬ್ಯಾಗ್ ಬಿಚ್ಚಿಕೊಳ್ಳಲು ಅಷ್ಟು ಸಾಕು. ಡಿಕ್ಕಿ ಆಗಬೇಕೆಂದೇನಿಲ್ಲ. ಮಲ್ಟಿಮೀಟರನ್ನೂ ಸ್ಕ್ವಿಬ್ಬಿಗೆ ಹಚ್ಚಬಾರದು. ಬಹಳಷ್ಟು ಮೀಟರುಗಳು ಕೊಡುವ ಕರೆಂಟ್ ಕಡಿಮೆಯೇ, ಆದರೆ ನಿಮ್ಮ ಮೀಟರು, ಅದರ ರೇಂಜು, ಅದರ ಒಳಗಿನ ದೋಷ ಯಾವುದಕ್ಕೂ ಯಾರ ಗ್ಯಾರಂಟಿಯೂ ಇಲ್ಲ. ಸರ್ವಿಸ್ ಮ್ಯಾನುಯಲ್‌ಗಳು ಇದನ್ನು ದಪ್ಪ ಅಕ್ಷರದಲ್ಲಿ ಬೇಡ ಅನ್ನುತ್ತವೆ.

ಗೇರ್ ಲಿವರಿನ ಆಸುಪಾಸು, ಕನ್ಸೋಲಿನ ಅಡಿ ಇರುವ, ಬ್ಯಾಗುಗಳನ್ನು ನಿಯಂತ್ರಿಸುವ ಏರ್‌ಬ್ಯಾಗ್ ಮಾಡ್ಯೂಲ್ ಇಗ್ನಿಷನ್ ಆನ್ ಇರುವಷ್ಟು ಹೊತ್ತೂ ಕೆಲವೇ ಮಿಲಿಆಂಪಿಯರ್ ಹರಿಸಿ ಈ 2 ಓಮನ್ನು ಅಳೆಯುತ್ತಿರುತ್ತದೆ. ಪಿನ್ನಿನಲ್ಲಿ ಕಿಲುಬು ಕಟ್ಟಿ ಇನ್ನೊಂದೆರಡು ಓಮ್ ಸೇರಿಕೊಂಡರೂ ಲೈಟು ಹಾಕಿಬಿಡುತ್ತದೆ. ಈ ಕಪ್ಲರುಗಳ ಪಿನ್ನಿಗೆ ಚಿನ್ನದ ಲೇಪ ಕೊಡುವುದು ಇದೇ ಕಾರಣಕ್ಕೆ.

ಕಪ್ಲರಿನೊಳಗೆ ಇನ್ನೊಂದು ಜಾಣತನ ಅಡಗಿದೆ. ಬಿಚ್ಚಿದ ತಕ್ಷಣ ಒಂದು ಪುಟ್ಟ ಸ್ಪ್ರಿಂಗ್ ತಗಡು ಸ್ಕ್ವಿಬ್ಬಿನ ಎರಡೂ ಪಿನ್ನುಗಳನ್ನು ಸೇರಿಸಿ ಶಾರ್ಟ್ ಮಾಡುತ್ತದೆ. ಎರಡೂ ತುದಿ ಒಂದೇ ಆದ ಮೇಲೆ ಸ್ಟ್ಯಾಟಿಕ್ (ಮೈ, ಬಟ್ಟೆಯಲ್ಲಿ ಕೂಡಿಕೊಳ್ಳುವ ವಿದ್ಯುತ್) ಬಂದರೂ ಕರೆಂಟ್ ಸ್ಕ್ವಿಬ್ಬಿನ ಒಳಗೆ ಹರಿಯುವುದಿಲ್ಲ. ಮತ್ತೆ ಜೋಡಿಸುವಾಗ ಎದುರು ಭಾಗದಲ್ಲಿರುವ ಪ್ಲಾಸ್ಟಿಕ್ ನಾಲಿಗೆ ಒಳಹೊಕ್ಕು ಆ ತಗಡನ್ನು ಮೇಲಕ್ಕೆತ್ತುತ್ತದೆ. ಹಾಗಾಗಿ ಕಪ್ಲರ್ ಮುಕ್ಕಾಲು ಭಾಗ ಮಾತ್ರ ಕೂತರೆ ಪಿನ್ನು ತಾಗಿರುತ್ತದೆ, ತಗಡು ಎದ್ದಿರುವುದಿಲ್ಲ. ಕಾರಿನ ದೋಷ ಓದುವ ಸ್ಕ್ಯಾನರಿನಲ್ಲಿ "ರೆಸಿಸ್ಟೆನ್ಸ್ ತುಂಬಾ ಕಡಿಮೆ" ಎಂದು ಬರುತ್ತದೆ. ವೈರುಗಳು ಎಲ್ಲೋ ಒಂದಕ್ಕೊಂದು ತಾಗಿರಬೇಕು ಅಂತ ಕಾರ್ಪೆಟ್ ಎಬ್ಬಿಸಿ ಹುಡುಕುವ ಮುಂಚೆ ಈ ಕಪ್ಲರನ್ನು ಬಿಚ್ಚಿ ಮತ್ತೆ "ಕಟ್" ಎಂದು ಸದ್ದಾಗುವ ತನಕ ಒತ್ತಿ ನೋಡಬೇಕು. ಬ್ಯಾಟರಿ ಬಿಚ್ಚಿದ ಮೇಲೆ, ಅದನ್ನು ಮರೆಯುವಂತಿಲ್ಲ.

ಯಾವ ಸೀಟು ಹೊಂದುತ್ತದೆ

ಅದೇ ಮಾಡೆಲ್, ಅದೇ ತಲೆಮಾರು, ಎರಡರಲ್ಲೂ ಸೈಡ್ ಏರ್‌ಬ್ಯಾಗ್, ಬ್ಯಾಗ್ ಮತ್ತು ಬಕಲ್ಲಿನ ಪಾರ್ಟ್ ನಂಬರ್ ಒಂದೇ. ಇಷ್ಟಿದ್ದರೆ ಕೆಲಸ ಸಲೀಸು. ಬಟ್ಟೆ ಸೀಟು ತೆಗೆದು ಟಾಪ್ ಮಾಡೆಲ್ಲಿನ ಲೆದರ್ ಸೀಟು ಹಾಕುವವರದು ಸಾಮಾನ್ಯವಾಗಿ ಇದೇ ಕೇಸು.

ಎಡವಟ್ಟಾಗುವುದು ಮುಂದಿನವುಗಳಲ್ಲಿ. ಎರಡೇ ಏರ್‌ಬ್ಯಾಗಿನ ಕಾರಿಗೆ ಆರು ಏರ್‌ಬ್ಯಾಗಿನ ಕಾರಿನ ಸೀಟು ತಂದು ಕೂರಿಸಿ "ಈಗ ನಮಗೂ ಸೈಡ್ ಏರ್‌ಬ್ಯಾಗ್ ಬಂತು" ಅಂದುಕೊಳ್ಳುವವರಿದ್ದಾರೆ. ಬರುವುದಿಲ್ಲ. ಬಿ ಪಿಲ್ಲರ್ (ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬ) ಅಥವಾ ಬಾಗಿಲಿನಲ್ಲಿ ಬದಿಯ ಡಿಕ್ಕಿಯ ಸೆನ್ಸರ್ ಬೇಕು, ನೆಲದಲ್ಲಿ ಆ ವೈರಿಂಗ್ ಬೇಕು, ಮಾಡ್ಯೂಲಿನಲ್ಲಿ ಆ ಚಾನೆಲ್ ಇರಬೇಕು. ಬದಿಯಿಂದ ಗುದ್ದಿದಾಗ ಬಾಗಿಲಿಗೂ ಪಕ್ಕೆಗೂ ಇರುವುದು ಗೇಣುದ್ದ ಜಾಗ. ಗುರುತಿಸಿ ಉಬ್ಬಿಸುವುದೆಲ್ಲ 10ರಿಂದ 20 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು. ಅದಕ್ಕೆ ಕಂಪನಿ ಆ ಕಾರಿನ ಬಾಡಿಯನ್ನೇ ಗುದ್ದಿಸಿ ಮಾಡಿದ ಟ್ಯೂನಿಂಗ್ ಇರುತ್ತದೆ. ಇಂಥ ಸೀಟು ಹಾಕಿದರೆ ಹಳದಿ ಕಪ್ಲರ್ ಅನಾಥವಾಗಿ ನೇತಾಡುತ್ತದೆ. ಒಳಗಿನ ಶಾರ್ಟಿಂಗ್ ತಗಡಿಗೆ ಕೈ ಹಚ್ಚದೆ, ತುದಿಯನ್ನು ಮುಚ್ಚಿ, ಫ್ರೇಮಿಗೆ ಕಟ್ಟಿಬಿಡಿ. ಅದಕ್ಕೆ 12 ವೋಲ್ಟಿನ ಯಾವ ವೈರನ್ನೂ, ಯಾವ ಕಾರಣಕ್ಕೂ ಸೇರಿಸಬೇಡಿ.

ತಲೆಮಾರು ಬದಲಾದ ಮಾಡೆಲ್ಲಿನ ಸೀಟು ಬೋಲ್ಟಿಗೆ ಕೂತರೂ ಬಕಲ್ ಸ್ವಿಚ್ ಬೇರೆ ಇರಬಹುದು. ಕೆಲವು ಬರೀ ಆನ್-ಆಫ್ ಸ್ವಿಚ್, ಕೆಲವಕ್ಕೆ ಒಳಗೆ ರೆಸಿಸ್ಟರ್ ಇರುತ್ತದೆ, ಕೆಲವು ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಸೆನ್ಸರ್. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಬೆಲ್ಟ್ ಹಾಕಿದ್ದರೂ ಬೀಪ್ ನಿಲ್ಲುವುದಿಲ್ಲ, ಜೊತೆಗೆ ಏರ್‌ಬ್ಯಾಗ್ ಲೈಟೂ ಬರಬಹುದು. ಹಳೆಯ ಸೀಟಿನ ಬಕಲನ್ನೇ ಹೊಸದಕ್ಕೆ ವರ್ಗಾಯಿಸುವುದು ಇದಕ್ಕೆ ಸರಿಯಾದ ಮದ್ದು, ಬ್ರಾಕೆಟ್ ಹೊಂದಿದರೆ ಮಾತ್ರ. ಕಪ್ಲರ್ ಹೊಂದದಿದ್ದಾಗ ಬ್ಲೇಡಿನಿಂದ ಪ್ಲಾಸ್ಟಿಕ್ ಏಣು ಕೆತ್ತಿ ತೂರಿಸುವುದನ್ನು ನೋಡಿದರೆ ಮೈ ಉರಿಯುತ್ತದೆ. ತಪ್ಪು ಕಪ್ಲರ್ ಕೂರಬಾರದು ಎಂದೇ ಆ ಏಣನ್ನು ಇಟ್ಟಿರುವುದು.

ಇನ್ನು ಶಿವಾಜಿನಗರದಂಥ ಗುಜರಿ ಮಾರುಕಟ್ಟೆಯಲ್ಲಿ ಸೀಟು ಕೊಳ್ಳುವವರಿಗೆ. ಬೆನ್ನಿನ ಉಬ್ಬಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿ. ಒಮ್ಮೆ ಬಿಚ್ಚಿದ ಬ್ಯಾಗನ್ನು ತೆಗೆದು ಮತ್ತೆ ಹೊಲಿದಿದ್ದರೆ ದಾರದ ಬಣ್ಣ, ಹೊಲಿಗೆಯ ಅಂತರ ಅಕ್ಕಪಕ್ಕಕ್ಕೆ ಹೊಂದುವುದಿಲ್ಲ. ಎರಡೂ ಸೀಟಿನ ಬಕಲ್ ಎತ್ತರ ಹೋಲಿಸಿ. ಬಕಲ್ ಪ್ರಿಟೆನ್ಷನರ್ ಸಿಡಿದಿದ್ದರೆ ಅದರ ಕಾಂಡ ಕೆಲವು ಸೆಂಟಿಮೀಟರ್ ಕೆಳಗೆ ಕುಸಿದು ಗಿಡ್ಡವಾಗಿರುತ್ತದೆ. ಆಮೇಲೆ ಸ್ಲೈಡಿಂಗ್ ರೈಲಿನ ಒಳಗೆ ಬೆರಳು ಹಾಕಿ. ಒಣಗಿದ ಸಣ್ಣ ಕೆಸರು, ಸ್ಪ್ರಿಂಗಿನ ಮೇಲೆ ತುಕ್ಕು, ಪಿನ್ನಿನ ಬುಡದಲ್ಲಿ ಹಸಿರು ಕಂಡರೆ ಅದು ನೀರಲ್ಲಿ ನಿಂತ ಕಾರಿನದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಕಾರು ಮುಳುಗಿದ್ದು ನೆನಪಿದೆಯಲ್ಲ. ಅಂಥ ಕಾರಿನ ಸೀಟನ್ನು ಎಷ್ಟೇ ಶಾಂಪೂ ಹಾಕಿ ತೊಳೆದರೂ ಬೇಡ.

ಬಿಚ್ಚುವ ಕ್ರಮ

ಬೇಕಾದ ಸಾಮಾನು ಕಡಿಮೆ. ಬ್ಯಾಟರಿಗೆ 10ರ ಸ್ಪ್ಯಾನರ್, ಸೀಟಿನ ಬೋಲ್ಟಿಗೆ 14 ಅಥವಾ 17ರ ಸಾಕೆಟ್, ಯೂರೋಪಿಯನ್ ಕಾರಾದರೆ ಟಾರ್ಕ್ಸ್ ಅಥವಾ ಸ್ಪ್ಲೈನ್ ಬಿಟ್, ಟಾರ್ಕ್ ರೆಂಚ್, ಟಾರ್ಚ್, ಬಾಗಿಲಿನ ಹೊಸ್ತಿಲ ಮೇಲೆ ಹಾಸಲು ಹಳೇ ಬೆಡ್‌ಶೀಟು.

ಬ್ಯಾಟರಿ ಮುಟ್ಟುವ ಮುಂಚೆಯೇ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಮುಂದಿನ ಎರಡು ಬೋಲ್ಟ್ ಸಡಿಲಿಸಿ, ಆಮೇಲೆ ಪೂರ್ತಿ ಮುಂದಕ್ಕೆ ತಂದು ಹಿಂದಿನ ಎರಡನ್ನು. ಕರೆಂಟ್ ಸೀಟಿನವರು ಈ ಕ್ರಮ ಮರೆತರೆ ಬ್ಯಾಟರಿ ಬಿಚ್ಚಿದ ಮೇಲೆ ಸೀಟು ನಿಂತಲ್ಲೇ ನಿಲ್ಲುತ್ತದೆ, ಬೋಲ್ಟು ಕೈಗೆ ಸಿಗುವುದಿಲ್ಲ. ಮುಂದಿನ ಎರಡೂ ಕಿಟಕಿ ಗಾಜು ಇಳಿಸಿಡಿ. ಹೆಡ್‌ರೆಸ್ಟ್ ತೆಗೆಯಿರಿ. ಇಗ್ನಿಷನ್ ಆಫ್ ಮಾಡಿ, ಬಟನ್ ಸ್ಟಾರ್ಟ್ ಕಾರಾದರೆ ಕೀಯನ್ನು ಮನೆಯೊಳಗೆ ಇಟ್ಟು ಬನ್ನಿ. ಈಗ ಬ್ಯಾಟರಿಯ ಮೈನಸ್ ತೆಗೆದು, ತಾನಾಗಿ ಬಂದು ತಾಗದಂತೆ ಬಟ್ಟೆ ಸುತ್ತಿಡಿ. ಎಲೆಕ್ಟ್ರಿಕ್ ಕಾರಿನಲ್ಲೂ ಬಿಚ್ಚಬೇಕಾದದ್ದು 12 ವೋಲ್ಟಿನ ಸಣ್ಣ ಬ್ಯಾಟರಿಯನ್ನೇ. ಕಿತ್ತಳೆ ಬಣ್ಣದ ಕೇಬಲ್ ನಮ್ಮ ಲೆಕ್ಕಕ್ಕೆ ಸೇರಿದ್ದಲ್ಲ.

ಈಗ ಕಾಯಬೇಕು. ಡಿಕ್ಕಿಯಲ್ಲಿ ಬ್ಯಾಟರಿಯೇ ಚೂರಾದರೂ ಬ್ಯಾಗ್ ಬಿಚ್ಚಲಿ ಎಂದು ಮಾಡ್ಯೂಲಿನೊಳಗೆ ಕೆಪಾಸಿಟರ್ ಕರೆಂಟ್ ಹಿಡಿದಿಟ್ಟಿರುತ್ತದೆ. ಟೊಯೊಟಾ 90 ಸೆಕೆಂಡ್ ಕಾಯಿರಿ ಅನ್ನುತ್ತದೆ, ಹೋಂಡಾ 3 ನಿಮಿಷ. ಯಾವ ಕಾರಾದರೂ 10 ನಿಮಿಷ ಬಿಡಿ, ಒಂದು ಕಾಫಿಯ ಹೊತ್ತು.

ಬಂದ ಮೇಲೆ ಬಾಗಿಲಿನ ಲಾಕ್ ಕೊಕ್ಕೆಯಂಥ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಳ್ಳಿ. ಬೋಲ್ಟ್ ಪೂರ್ತಿ ತೆಗೆದು ಸೀಟನ್ನು ಹಿಂದಕ್ಕೆ ವಾಲಿಸಿ, ವೈರು ಬಿಗಿಯಾಗದಷ್ಟು ಮಾತ್ರ. ಹಳದಿ ಕಪ್ಲರಿಗೆ ಎರಡು ಲಾಕ್ ಇರುವುದು ಸಾಮಾನ್ಯ. ಮೊದಲು ಬೇರೆ ಬಣ್ಣದ ಪುಟ್ಟ ನಾಲಿಗೆಯನ್ನು ಉಗುರಿನಿಂದ ಹೊರಗೆಳೆಯಿರಿ, ಆಮೇಲೆ ಮುಖ್ಯ ಲಾಕ್ ಒತ್ತಿ ಕಪ್ಲರಿನ ಮೈ ಹಿಡಿದು ಬಿಡಿಸಿ. ವೈರು ಹಿಡಿದು ಎಳೆದರೆ ಪಿನ್ನು ಹಿಂದಕ್ಕೆ ಸರಿಯುತ್ತದೆ, ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಿದ್ದಂತೆಯೇ ಕಾಣುತ್ತದೆ. ಮೊದಲನೆಯ ಲಾಕ್ ತೆಗೆಯದೆ ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಲಾಕಿನ ಕಿವಿ ಮುರಿಯುತ್ತದೆ. ಕಿವಿ ಮುರಿದ ಕಪ್ಲರಿಗೆ ಟೇಪ್ ಸುತ್ತಿದರೆ ಹಂಪ್ ಹಾರಿದಾಗಲೆಲ್ಲ ಲೈಟು ಬಂದು ಹೋಗುತ್ತದೆ, ನಮ್ಮ ಊರಿನಲ್ಲಿ ಹಂಪುಗಳಿಗೆ ಬರವೂ ಇಲ್ಲ.

ಸೀಟು 15ರಿಂದ 25 ಕೆಜಿ ತೂಗುತ್ತದೆ, ಇಬ್ಬರು ಎತ್ತಿ. ಏರ್‌ಬ್ಯಾಗ್ ಇರುವ ಉಬ್ಬು ಯಾರ ಮುಖದ ಕಡೆಗೂ, ಎದೆಯ ಕಡೆಗೂ ಇರದಂತೆ ಹಿಡಿಯಿರಿ. ನೆಲಕ್ಕಿಟ್ಟಾಗ ಆ ಮಗ್ಗುಲು ಕೆಳಗೆ ಬರಬಾರದು. ಹತ್ತಿರದಲ್ಲಿ ವೆಲ್ಡಿಂಗ್ ನಡೆಯುತ್ತಿದ್ದರೆ ಅಲ್ಲಿ ಇಡಲೇಬೇಡಿ. ಸೀಟು ಹೊರಗಿರುವಾಗ ಬ್ಯಾಟರಿ ಜೋಡಿಸಿ ಕಾರನ್ನು ಆಚೀಚೆ ತೆಗೆಯುವ ಆಸೆ ಬಂದರೆ ತಡೆದುಕೊಳ್ಳಿ, ಬೇಕಾದರೆ ತಳ್ಳಿ. ಆ ಒಂದು ನಿಮಿಷಕ್ಕೆ ಮಾಡ್ಯೂಲಿನಲ್ಲಿ ದೋಷದ ಕೋಡ್ ಕೂರುತ್ತದೆ. ಎಷ್ಟೋ ಕಾರುಗಳಲ್ಲಿ ಅದು ಸ್ಕ್ಯಾನರ್ ಇಲ್ಲದೆ ಅಳಿಯುವುದಿಲ್ಲ.

ಕೂರಿಸುವುದು, ಆನ್ ಮಾಡುವುದು

ಸೀಟು ಒಳಗಿಟ್ಟು ಮೊದಲು ಕಪ್ಲರುಗಳು, ಆಮೇಲೆ ಬೋಲ್ಟ್. ಹಳದಿಯದು "ಕಟ್" ಎಂದ ಮೇಲೆ ಬೇರೆ ಬಣ್ಣದ ಆ ಪುಟ್ಟ ನಾಲಿಗೆಯನ್ನು ಒಳಗೆ ತಳ್ಳಿ. ಅದು ಒಳಗೆ ಹೋಗಲು ಒಪ್ಪದಿದ್ದರೆ ಕಪ್ಲರ್ ಪೂರ್ತಿ ಕೂತಿಲ್ಲ ಎಂದೇ ಅರ್ಥ. ನಾಲ್ಕೂ ಬೋಲ್ಟನ್ನು ಕೈಯಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿದ ಮೇಲೆ ಬಿಗಿಗೊಳಿಸಿ. ಕಾರಿಗೆ ತಕ್ಕಂತೆ ಸುಮಾರು 35ರಿಂದ 60 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ಕಾರಿನ ಅಂಕಿಯನ್ನು ಸರ್ವಿಸ್ ಮ್ಯಾನುಯಲ್ಲಿನಲ್ಲೇ ನೋಡಿ. ಎಡ ಬಲ ರೈಲುಗಳು ಒಂದೇ ಹಲ್ಲಿನಲ್ಲಿ ಲಾಕ್ ಆಗಿರಬೇಕು, ಇಲ್ಲದಿದ್ದರೆ ಸೀಟು ಓರೆಯಾಗಿ ಕೂತು ಬ್ರೇಕ್ ಹಾಕಿದಾಗ ಕಟಕಟ ಅನ್ನುತ್ತದೆ.

ಸೀಟನ್ನು ತುದಿಯಿಂದ ತುದಿಗೆ ಸರಿಸುತ್ತಾ ಅಡಿಯಲ್ಲಿ ಟಾರ್ಚ್ ಬಿಟ್ಟು ನೋಡುವುದನ್ನು ಬಿಡಬೇಡಿ. ವೈರು ಎಲ್ಲೂ ಬಿಗಿಯಾಗಬಾರದು, ರೈಲಿನ ಹಲ್ಲಿಗೆ ಸಿಗಬಾರದು. ಕಂಪನಿ ಕೊಟ್ಟ ಕ್ಲಿಪ್ ಮುರಿದಿದ್ದರೆ ಅದೇ ಜಾಗದಲ್ಲಿ ಕೇಬಲ್ ಟೈ ಹಾಕಿ. ಹಿರಿಯರಿಗಾಗಿ ಹೊರಕ್ಕೆ ತಿರುಗುವ ಸೀಟು ಹಾಕಿಸುವವರು ಇಲ್ಲಿ ಇಮ್ಮಡಿ ಎಚ್ಚರ ವಹಿಸಬೇಕು. ಅಲ್ಲಿ ವೈರು ಸರಿಯುವುದಷ್ಟೇ ಅಲ್ಲ, ಪ್ರತಿ ಸಲ ತಿರುಚಿಕೊಳ್ಳುತ್ತದೆ.

ಬ್ಯಾಟರಿ ಜೋಡಿಸುವಾಗ ಒಳಗೆ ಯಾರೂ ಇರಬಾರದು. ಇಳಿಸಿಟ್ಟ ಕಿಟಕಿಯಿಂದ ಕೈ ಹಾಕಿ ಇಗ್ನಿಷನ್ ಆನ್ ಮಾಡಿ. ಬಟನ್ ಕಾರುಗಳಲ್ಲಿ ಬಹುತೇಕ ಬ್ರೇಕ್ ಒತ್ತದೆ ಎರಡು ಸಲ ಒತ್ತಿದರಾಯಿತು. ಏರ್‌ಬ್ಯಾಗ್ ಲೈಟು ಸುಮಾರು ಆರು ಸೆಕೆಂಡ್ ಉರಿದು ಆರಬೇಕು. ಆಮೇಲೆ ಗಡಿಯಾರ, ಗಾಜಿನ ಆಟೋ ಅಪ್ ಮತ್ತೆ ಹೊಂದಿಸಿಕೊಳ್ಳುವ ಸಣ್ಣಪುಟ್ಟ ಕೆಲಸ.

ಲೈಟು ಆರದಿದ್ದರೆ

ಅಂಗೈಯಗಲದ ಅಗ್ಗದ ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ದೋಷದ ಕೋಡುಗಳನ್ನು ಫೋನಿಗೆ ಓದಿಕೊಡುವ ಸಾಧನ) ಸಾಮಾನ್ಯವಾಗಿ ಇಂಜಿನ್ನಿನ ಪಿ ಕೋಡುಗಳನ್ನಷ್ಟೇ ಓದುತ್ತದೆ. ಏರ್‌ಬ್ಯಾಗಿನವು ಬಿ ಕೋಡುಗಳು, ಅವನ್ನು ಓದಬಲ್ಲ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. "ಎರೇಸ್ ಮಾಡಿಕೊಡಿ" ಅನ್ನುವ ಬದಲು "ಮೊದಲು ಓದಿ ಹೇಳಿ" ಅನ್ನಿ. ರೆಸಿಸ್ಟೆನ್ಸ್ ಹೆಚ್ಚು ಎಂದರೆ ಕಪ್ಲರ್ ಬಿಟ್ಟಿದೆ, ಪಿನ್ನು ಸರಿದಿದೆ, ತುಕ್ಕು ಹಿಡಿದಿದೆ ಅಥವಾ ವೈರು ತುಂಡಾಗಿದೆ. ಕಡಿಮೆ ಎಂದರೆ ಮೇಲೆ ಹೇಳಿದ ತಗಡಿನ ಕಥೆ, ಇಲ್ಲವೇ ಎರಡು ವೈರು ಒಂದಕ್ಕೊಂದು ತಾಗಿವೆ. ಗ್ರೌಂಡಿಗೆ ಶಾರ್ಟ್ ಎಂದರೆ ಬಹುಪಾಲು ರೈಲಿನ ಅಡಿ ಸಿಕ್ಕಿ ಜಜ್ಜಿದ ವೈರು. ಈಗಿನ ದೋಷವೋ ಹಳೆಯದೋ ಎನ್ನುವುದನ್ನೂ ಸ್ಕ್ಯಾನರ್ ತೋರಿಸುತ್ತದೆ. ಹಳೆಯದಾದರೆ ಅಳಿಸಿದರೆ ಮುಗಿಯಿತು. ಈಗಿನದಾದರೆ ಅಳಿಸಿದ ಮರುಕ್ಷಣ ವಾಪಸ್ ಬರುತ್ತದೆ.

ತುಂಡಾದ ಏರ್‌ಬ್ಯಾಗ್ ವೈರಿಗೆ ಜಾಯಿಂಟ್ ಹಾಕಬಹುದಾ? ಹಲವು ಕಂಪನಿಗಳು ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟನ್ನೇ, ಬದಲಿಸಿ ಅನ್ನುತ್ತವೆ, ಕೆಲವು ನಿಗದಿತ ಕ್ರಿಂಪ್ ಮತ್ತು ಹೀಟ್ ಶ್ರಿಂಕಿನಿಂದ ಮಾಡಲು ಬಿಡುತ್ತವೆ. ಹಲ್ಲಿನಿಂದ ಸುಲಿದು ತಿರುಚಿ ಕರಿ ಟೇಪ್ ಸುತ್ತುವುದಕ್ಕೆ ಯಾವ ಕಂಪನಿಯೂ ಬಿಡುವುದಿಲ್ಲ. ಎರಡು ವೈರು ಒಂದಕ್ಕೊಂದು ಹೆಣೆದುಕೊಂಡಿರುವುದು ಹೊರಗಿನ ಎಲೆಕ್ಟ್ರಿಕಲ್ ಗಲಾಟೆ ಒಳಗೆ ಬಾರದಿರಲಿ ಎಂದು. ಆ ಹೆಣಿಗೆ ಬಿಚ್ಚಬೇಡಿ.

ಇನ್ನು ರೆಸಿಸ್ಟರ್. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ 2.2 ಓಮಿನದನ್ನು ಕಾರಿನ ಕಡೆಯ ಕಪ್ಲರಿಗೆ ಸಿಕ್ಕಿಸಿದರೆ ಮಾಡ್ಯೂಲ್ ಸ್ಕ್ವಿಬ್ ಇದೆ ಎಂದುಕೊಂಡು ಲೈಟು ಆರಿಸುತ್ತದೆ. ದೋಷ ಹುಡುಕುವಾಗ ಇದು ನ್ಯಾಯವಾದ ಉಪಾಯವೇ. ಬ್ಯಾಟರಿ ಬಿಚ್ಚಿ, ಕಾದು, ಸೀಟಿನ ಬದಲು ಇದನ್ನು ಹಾಕಿ ಓದಿಸಿದರೆ ದೋಷ ಸೀಟಿನೊಳಗೋ ನೆಲದ ವೈರಿನಲ್ಲೋ ಗೊತ್ತಾಗುತ್ತದೆ. ಹುಡುಕಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಸೀಟು ಕೂರಿಸಿದರೆ ಮಾತ್ರ ಮೋಸ. ರೇಸ್ ಟ್ರ್ಯಾಕಿಗೆಂದು ಬಕೆಟ್ ಸೀಟು ಹಾಕುವವರು ಸೈಡ್ ಏರ್‌ಬ್ಯಾಗ್ ಬಿಟ್ಟುಕೊಟ್ಟಿದ್ದೇವೆ ಎಂದು ತಿಳಿದೇ ಇದನ್ನು ಹಾಕುತ್ತಾರೆ, ಅದು ಅವರ ನಿರ್ಧಾರ. ಆ ಕಾರನ್ನು ಕೊಳ್ಳುವ ಮುಂದಿನವರಿಗೆ ಅದು ಗೊತ್ತಿರುವುದಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಇಗ್ನಿಷನ್ ಆನ್ ಮಾಡಿದಾಗ ಲೈಟು ಬರುತ್ತದೋ ಇಲ್ಲವೋ ಗಮನಿಸಿ. ಬರದೇ ಇದ್ದರೆ ಯಾರೋ ಕಿತ್ತಿರಬಹುದು. ಬ್ಯಾಟರಿ ಅಥವಾ ಆಯಿಲ್ ಲೈಟಿನ ಜೊತೆಗೇ ಬಂದು ಜೊತೆಗೇ ಹೋದರೆ ಅದಕ್ಕೇ ಬೆಸೆದಿರುವ ಸಾಧ್ಯತೆ ಇದೆ.

ಸೀಟು ಬಿಚ್ಚದೆಯೂ ಕೆಡುವ ದಾರಿಗಳು

ಬಿಗಿಯಾಗಿ ಸುತ್ತುವ ಸೀಟ್ ಕವರ್ ಬಾಗಿಲಿನ ಕಡೆಯ ಉಬ್ಬನ್ನು ಮುಚ್ಚಿದರೆ ಬ್ಯಾಗಿಗೆ ದಾರಿ ಇರುವುದಿಲ್ಲ. ಕವರಿನ ಆ ಬದಿ ತೆರೆದಿರಬೇಕು, ಅಥವಾ ಹರಿಯಲೆಂದೇ ಮಾಡಿದ ದುರ್ಬಲ ಹೊಲಿಗೆ ಇರಬೇಕು. ಪ್ಯಾಕೆಟ್ ಮೇಲೆ ಅಚ್ಚಾದ ಮಾತು ಸಾಲದು, ಬದಿ ತಿರುಗಿಸಿ ನೋಡಿ. ಮೂಲ ಬಟ್ಟೆಯನ್ನೇ ಕಿತ್ತು ಹೊಸ ಆರ್ಟ್ ಲೆದರ್ ಹೊಲಿಸುವುದು ಇನ್ನೂ ಸೂಕ್ಷ್ಮ. ಬಹಳಷ್ಟು ಸೀಟುಗಳ ಒಳಗೆ ಬ್ಯಾಗನ್ನು ಸುತ್ತುವರಿದು ಹೊಲಿಗೆಯ ಬಾಯಿಗೆ ಬಂದು ಸೇರುವ ಬಿಳಿ ಬಟ್ಟೆಯ ಪಟ್ಟಿ ಇರುತ್ತದೆ. ಬ್ಯಾಗ್ ಫೋಮಿನೊಳಗೆ ಎಲ್ಲೆಲ್ಲೋ ನುಗ್ಗದೆ ಸೀದಾ ಹೊಲಿಗೆ ಹರಿದು ಹೊರಬರಲಿ ಎಂದು ಅದಿರುವುದು. ಟೈಲರ್ ಅದನ್ನು ಬೇಡದ ತುಂಡು ಎಂದು ಕತ್ತರಿಸಿ ಎಸೆದರೆ ಯಾವ ಲೈಟೂ ಹೇಳುವುದಿಲ್ಲ, ಯಾವ ಸ್ಕ್ಯಾನರೂ ಹಿಡಿಯುವುದಿಲ್ಲ.

ಕವರಿನ ಎಲಾಸ್ಟಿಕ್ ಕೊಕ್ಕೆಯನ್ನು ಹಳದಿ ಕೊಳವೆಗೆ ಸಿಕ್ಕಿಸುವುದು, ಫೋಮ್ ವಾಶ್‌ನ ನೀರು ಕಪ್ಲರಿಗೆ ಇಳಿಯುವುದು, ಸೀಟಿನಡಿ ನೀರಿನ ಬಾಟಲಿ ಉರುಳಿಸಿಡುವುದು, ಬೇಸ್‌ಮೆಂಟಿನ ಇಲಿ, ಇವೆಲ್ಲ ಸಾಲಾಗಿ ಇದ್ದೇ ಇವೆ. ಒದ್ದೆಯಾದ ಕಪ್ಲರಿಗೆ ಬ್ಯಾಟರಿ ಬಿಚ್ಚಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಆರಲು ಬಿಡಿ. ಸ್ಯಾಂಡ್ ಪೇಪರ್ ಹಾಕಿ ತಿಕ್ಕಿದರೆ ಚಿನ್ನದ ಲೇಪವೂ ಹೋಗುತ್ತದೆ.

ಬಿಚ್ಚಿದ ಹಳೆಯ ಸೀಟು ಮನೆಯಲ್ಲಿಡುವುದಾದರೆ ಕಾಲ ಮೇಲೆ ನಿಲ್ಲಿಸಿಡಿ. ಬಿಸಿಲು ಮಳೆ ಬೀಳುವ ಬಾಲ್ಕನಿ ಬೇಡ, ಮಕ್ಕಳು ಆಡುವ ಕೋಣೆ ಬೇಡ. ಕಪ್ಲರಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಸೀಟಿನ ಮೇಲೆ "ಏರ್‌ಬ್ಯಾಗ್ ಇದೆ" ಎಂದು ಮಾರ್ಕರಿನಲ್ಲಿ ಬರೆದ ಚೀಟಿ ಅಂಟಿಸಿ. ಕಾರು ಮಾರುವಾಗ ಇವನ್ನೇ ಮತ್ತೆ ಕೂರಿಸುವಿರಾದರೆ, ಮಧ್ಯೆ ಹಾಕಿದ ರೆಸಿಸ್ಟರ್ ಇದ್ದರೆ ಅದನ್ನು ತೆಗೆದು, ಅದೇ ದಿನ ಸ್ಕ್ಯಾನರಿನಲ್ಲಿ ಓದಿಸಿ ಆ ಪ್ರಿಂಟನ್ನು ಕೊಳ್ಳುವವರ ಕೈಗೆ ಕೊಡಿ.